ಮಿಠಾಯಿ ಪರೀಕ್ಷೆಯೂ ಮರೆತುಹೋದ ನಾಲ್ಕು ಸರಾಸರಿಗಳೂ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ನಮ್ಮ ಊರಿನ ಶಾಲೆಯೊಂದರ ಪಾಲಕರ ಸಭೆಗೆ ಮೊಮ್ಮಗಳ ಪರವಾಗಿ ಹೋಗಿದ್ದೆ. ಅತಿಥಿಯಾಗಿ ಬಂದಿದ್ದ ಭಾಷಣಕಾರರು ಪರದೆಯ ಮೇಲೆ ಒಂದು ಚಿಕ್ಕ ವಿಡಿಯೊ ತೋರಿಸಿದರು. ಮೇಜಿನ ಮುಂದೆ ಪುಟ್ಟ ಮಗುವೊಂದು ಕುಳಿತಿದೆ, ತಟ್ಟೆಯಲ್ಲಿ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಒಂದಿದೆ. ಸ್ವಲ್ಪ ಹೊತ್ತು ಕಾದರೆ ಎರಡು ಸಿಗುತ್ತವೆ, ಕಾಯದಿದ್ದರೆ ಒಂದೇ. ಕಾದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಗೆದ್ದರು, ತಡೆಯಲಾರದೆ ತಿಂದವರು ಹಿಂದೆ ಉಳಿದರು ಎಂದು ವಿವರಿಸಿ, ‘ಇವತ್ತು ರಾತ್ರಿಯೇ ನಿಮ್ಮ ಮನೆಯಲ್ಲಿ ಮಾಡಿ ನೋಡಿ’ ಎಂದು ಅವರು ಸಭೆಯನ್ನು ಹುರಿದುಂಬಿಸಿದರು. ಎರಡು ದಿನ ಕಳೆದ ಮೇಲೆ ನಮ್ಮ ಓಣಿಯ ತಾಯಿಯೊಬ್ಬಳು ಮನೆಗೆ ಬಂದು, ನಾಲ್ಕೂವರೆ ವರ್ಷದ ತನ್ನ ಮಗ ಒಂದು ನಿಮಿಷವೂ ಕಾಯದೆ ಚಾಕೊಲೇಟ್ ತಿಂದುಬಿಟ್ಟನೆಂದು ಹೇಳುವಾಗ ಅವಳ ಕಣ್ಣು ತುಂಬಿತ್ತು. ‘ಅಕ್ಕಾರ, ಇವನ ಕೈಲಿ ಮುಂದೆ ಏನೂ ಆಗಂಗಿಲ್ಲೇನ್ರಿ?’ ಎಂದು ಕೇಳಿದಳು.

ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸಿದವಳು ನಾನು. ಆ ಭಾಷಣದ ಹಿಂದಿರುವ ಪ್ರಯೋಗಮಾಲೆಯ ಒಂದು ಮುಖ್ಯ ಪ್ರಯೋಗವನ್ನು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಬರೆದು, ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸುತ್ತಿದ್ದೆ. ಆ ಪ್ರಯೋಗ ಹೇಳಿದ್ದು ಒಂದು, ನಾವು ಕೇಳಿಸಿಕೊಂಡದ್ದು ಇನ್ನೊಂದು. ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿಯೂ ಇದೇ ಅರ್ಧ ಕಥೆ ವರ್ಷಕ್ಕೊಂದೆರಡು ಸಲ ಬರುತ್ತಲೇ ಇರುವುದರಿಂದ, ತಮ್ಮ ಓದುಗರ ಮುಂದೆ ಪೂರ್ತಿ ಲೆಕ್ಕವನ್ನು ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ಮೊಟಕುಗೊಳಿಸಲೇಬೇಕಾದರೆ ಅಂಕಿಗಳನ್ನು ಮಾತ್ರ ಕೈಬಿಡಬಾರದೆಂದು ವಿನಂತಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಬಿಂಗ್ ನರ್ಸರಿ ಶಾಲೆ ಎಂಬ ಶಿಶುವಿಹಾರವಿದೆ. ವಾಲ್ಟರ್ ಮಿಶೆಲ್ ಮತ್ತು ಎಬ್ಬೆ ಎಬ್ಬೆಸೆನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿ ನಡೆಸಿದ ಪ್ರಯೋಗದ ವರದಿ 1970ರಲ್ಲಿ ಪ್ರಕಟವಾಯಿತು. ಭಾಗವಹಿಸಿದ ಮಕ್ಕಳು 32; ಹುಡುಗರು 16, ಹುಡುಗಿಯರು 16. ವಯಸ್ಸು ಮೂರೂವರೆ ವರ್ಷದಿಂದ ಐದು ವರ್ಷ ಎಂಟು ತಿಂಗಳವರೆಗೆ, ಮಧ್ಯಾಂಕ, ಅಂದರೆ ವಯಸ್ಸಿನ ಸಾಲಿನಲ್ಲಿ ನಟ್ಟನಡುವಿನ ಬೆಲೆ, ನಾಲ್ಕೂವರೆ ವರ್ಷ. ಮಾರ್ಷ್‌ಮ್ಯಾಲೋ ಎಂಬ ಹೆಸರು ಜಗತ್ತಿಗೆಲ್ಲ ಹಬ್ಬಿದ್ದರೂ ಈ ಮೊದಲ ಪ್ರಯೋಗದಲ್ಲಿ ಅದು ಇರಲೇ ಇಲ್ಲ. ಇದ್ದದ್ದು ಬಿಸ್ಕತ್ತು, ಮತ್ತು ಪ್ರೆಟ್ಜೆಲ್ ಎಂಬ ಉಪ್ಪುಪ್ಪಾದ ಗರಿಗರಿ ಕಡ್ಡಿ. ಎರಡರಲ್ಲಿ ಯಾವುದು ಹೆಚ್ಚು ಇಷ್ಟವೆಂದು ಮಗುವನ್ನೇ ಕೇಳುತ್ತಿದ್ದರು. ಪ್ರಯೋಗ ನಡೆಸುವವರು ಹೊರಗೆ ಹೋಗಿ ತಾವಾಗಿಯೇ ಮರಳುವವರೆಗೆ ಕಾದರೆ ಇಷ್ಟವಾದದ್ದು ಸಿಗುತ್ತದೆ; ಕಾಯಲು ಬೇಸರವಾದರೆ ಮೊದಲೇ ಹೇಳಿಕೊಟ್ಟ ಸಂಕೇತದಿಂದ ಅವರನ್ನು ಕರೆಯಬಹುದು, ಆಗ ಕಡಿಮೆ ಇಷ್ಟವಾದದ್ದು ಸಿಗುತ್ತದೆ. ಕರೆದರೆ ಅವರು ಬಂದೇ ಬರುತ್ತಾರೆ ಎಂಬ ನಂಬಿಕೆ ಕುದುರುವವರೆಗೆ ಈ ಕರೆಯುವ ಆಟವನ್ನು ಮಗುವಿನೊಡನೆ ಕೆಲವು ಸಲ ಆಡಿ ತೋರಿಸಿರುತ್ತಿದ್ದರು. ಎಷ್ಟು ಹೊತ್ತು ಕಾಯಬೇಕೆಂಬುದು ಮಗುವಿಗೆ ಗೊತ್ತಿರಲಿಲ್ಲ. ಗರಿಷ್ಠ ಅವಧಿ 15 ನಿಮಿಷ. ಅದು ಮುಗಿದೊಡನೆ ಅವರೇ ಮರಳಿ ಬರುತ್ತಿದ್ದರು.

ಇಲ್ಲಿಯವರೆಗಿನ ಕಥೆ ಬಹಳ ಜನರಿಗೆ ಗೊತ್ತು. ಇದನ್ನು ಪ್ರಯೋಗವನ್ನಾಗಿ ಮಾಡಿದ್ದು ಇನ್ನೊಂದು ಸಂಗತಿ, ಮತ್ತು ಭಾಷಣಗಳಲ್ಲಿ ಬಿಟ್ಟುಹೋಗುವುದು ಅದೇ. ಸಂಶೋಧಕರು ಎರಡು ಅಂಶಗಳನ್ನು ತಮ್ಮ ಕೈಯಾರೆ ಬದಲಿಸಿದರು. ಕಾದರೆ ಸಿಗುವ ತಿನಿಸು ಮಗುವಿನ ಕಣ್ಣೆದುರು ಇದೆಯೋ ಇಲ್ಲವೋ ಎಂಬುದು ಮೊದಲನೆಯ ಅಂಶ. ಈಗಲೇ ಕರೆದರೆ ಸಿಗುವ ತಿನಿಸು ಕಣ್ಣೆದುರು ಇದೆಯೋ ಇಲ್ಲವೋ ಎಂಬುದು ಎರಡನೆಯದು. ಎರಡನ್ನೂ ಕೂಡಿಸಿದಾಗ ಕೋಷ್ಟಕದಲ್ಲಿ ನಾಲ್ಕು ಮನೆಗಳಾಗುತ್ತವೆ: ಎರಡೂ ಕಾಣುವುದು, ಕಾದರೆ ಸಿಗುವುದಷ್ಟೇ ಕಾಣುವುದು, ಈಗ ಸಿಗುವುದಷ್ಟೇ ಕಾಣುವುದು, ಎರಡೂ ಕಾಣದಿರುವುದು. ಒಂದೊಂದು ಮನೆಗೆ ಎಂಟು ಮಕ್ಕಳು, ನಾಲ್ವರು ಹುಡುಗರು ಮತ್ತು ನಾಲ್ವರು ಹುಡುಗಿಯರು. ಯಾವ ಮಗು ಯಾವ ಮನೆಗೆ ಎಂಬುದನ್ನು ಮಗುವಿನ ಸ್ವಭಾವ ನೋಡಿ ತೀರ್ಮಾನಿಸಲಿಲ್ಲ; ಚೀಟಿ ಎತ್ತಿದ ಹಾಗೆ ಹಂಚಿದರು. ಆದ್ದರಿಂದ ಹಟಮಾರಿ, ಸಮಾಧಾನಿ, ಹೊಟ್ಟೆಬಾಕ ಎಲ್ಲರೂ ನಾಲ್ಕೂ ಮನೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದಾರೆಂದು ನಂಬಲು ಆಧಾರವಿದೆ. ನಾಲ್ಕು ಮನೆಗಳ ನಡುವೆ ವ್ಯತ್ಯಾಸ ಕಂಡುಬಂದರೆ ಅದರ ಮೂಲವನ್ನು ಮಕ್ಕಳ ಗುಣದಲ್ಲಿ ಹುಡುಕುವ ಮೊದಲು ಮೇಜಿನ ಮೇಲೆ ಹುಡುಕಬೇಕು.

ಫಲಿತಾಂಶಕ್ಕೆ ಮೊದಲು, ಸಂಶೋಧಕರು ಏನು ನಿರೀಕ್ಷಿಸಿದ್ದರು ಎಂಬುದನ್ನೂ ಹೇಳಬೇಕು. ಮುಂದೆ ಸಿಗುವ ಒಳ್ಳೆಯದು ಕಣ್ಣೆದುರಿಗಿದ್ದರೆ ಮಗುವಿಗೆ ಕಾಯುವುದು ಸುಲಭವಾಗುತ್ತದೆ ಎಂದು ಅವರು ಎಣಿಸಿದ್ದರು. ಬಯಸಿದ ವಸ್ತುವಿನ ಚಿತ್ರವನ್ನು ಮನಸ್ಸು ಕಟ್ಟಿಕೊಳ್ಳುವುದರಿಂದಲೇ ತಾಳ್ಮೆ ಸಾಧ್ಯವಾಗುತ್ತದೆ ಎಂಬ, ಮನೋವಿಶ್ಲೇಷಕ ಫ್ರಾಯ್ಡ್ ಕಾಲದಿಂದ ಬಂದ ವಿಚಾರ ಅವರ ಬೆನ್ನಿಗಿತ್ತು. ನಮ್ಮ ಮನೆಗಳಲ್ಲಿಯೂ ಇದೇ ನಂಬಿಕೆಯಲ್ಲವೇ? ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತೆಗೆದರೆ ಕೊಡಿಸುತ್ತೇವೆಂದು ಸೈಕಲ್ಲಿನ ಚಿತ್ರವನ್ನು ಓದುವ ಮೇಜಿನ ಎದುರು ಅಂಟಿಸುತ್ತೇವೆ.

ಕಾದ ಸಮಯದ ಸರಾಸರಿಗಳು ಹೀಗಿವೆ. ಎರಡೂ ತಿನಿಸು ಮರೆಯಾಗಿದ್ದಾಗ 11.29 ನಿಮಿಷ. ಈಗ ಸಿಗುವುದಷ್ಟೇ ಕಾಣುತ್ತಿದ್ದಾಗ 5.72 ನಿಮಿಷ. ಕಾದರೆ ಸಿಗುವುದಷ್ಟೇ ಕಾಣುತ್ತಿದ್ದಾಗ 4.87 ನಿಮಿಷ. ಎರಡೂ ಕಾಣುತ್ತಿದ್ದಾಗ 1.03 ನಿಮಿಷ. ನಿರೀಕ್ಷೆ ಪೂರ್ತಿ ತಲೆಕೆಳಗಾಯಿತು. ತಾವು ಊಹಿಸಿದ್ದಕ್ಕೆ ವಿರುದ್ಧವಾದ ಫಲಿತಾಂಶ ಬಂದಾಗ ಅದನ್ನು ಮುಚ್ಚಿಡದೆ ವರದಿಯಲ್ಲಿ ಹೇಳಿ, ಅದರ ಬೆನ್ನು ಹತ್ತಿ ಹೋದ ಆ ಇಬ್ಬರ ಪ್ರಾಮಾಣಿಕತೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ತಪ್ಪದೆ ನೆನೆಯುತ್ತಿದ್ದೆ.

ಈಗ ಈ ನಾಲ್ಕು ಅಂಕಿಗಳನ್ನು ಓದುವ ಬಗೆ. ವಿದ್ಯಾರ್ಥಿಗಳು ಮೊದಲು ಮಾಡುವ ತಪ್ಪೆಂದರೆ 11.29 ಮತ್ತು 1.03 ಎಂಬ ಎರಡು ತುದಿಗಳನ್ನಷ್ಟೇ ಹಿಡಿದು, ಹನ್ನೊಂದು ಪಟ್ಟು ವ್ಯತ್ಯಾಸ ಎಂದು ಬರೆದು ಪೆನ್ನು ಕೆಳಗಿಡುವುದು. ಎರಡು ಅಂಶಗಳ ಪ್ರಯೋಗ ಕೇಳುವ ಪ್ರಶ್ನೆಗಳು ಮೂರು. ಕಾದರೆ ಸಿಗುವ ತಿನಿಸು ಕಾಣುವುದರಿಂದ ಒಟ್ಟಾರೆ ಏನಾಯಿತು? ಈಗ ಸಿಗುವ ತಿನಿಸು ಕಾಣುವುದರಿಂದ ಒಟ್ಟಾರೆ ಏನಾಯಿತು? ಒಂದರ ಪರಿಣಾಮ ಇನ್ನೊಂದು ಇರುವಾಗ ಬದಲಾಯಿತೇ? ಮೊದಲ ಎರಡಕ್ಕೆ ಮುಖ್ಯ ಪರಿಣಾಮಗಳೆಂದೂ ಮೂರನೆಯದಕ್ಕೆ ಪರಸ್ಪರ ಪರಿಣಾಮವೆಂದೂ ಹೆಸರು. ತರಗತಿಯಲ್ಲಿ ನಾವೆಲ್ಲ ಮೂರನೆಯದನ್ನು ಇಂಟರಾಕ್ಷನ್ ಎಂದೇ ಕರೆಯುವುದು.

ಇದು ಹೊಲದಿಂದ ಬಂದ ವಿದ್ಯೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕೆಂಬ ಹಳೆಯ ನಿಯಮವನ್ನು ಒಪ್ಪದೆ, ಹಲವು ಅಂಶಗಳನ್ನು ಒಂದೇ ಪ್ರಯೋಗದಲ್ಲಿ ಕೂಡಿಸಿ ನೋಡುವ ವಿನ್ಯಾಸವನ್ನು ಬೆಳೆಸಿದರು. ನಮ್ಮ ರೈತರಿಗೆ ಪರಸ್ಪರ ಪರಿಣಾಮವನ್ನು ಯಾರೂ ಕಲಿಸಬೇಕಾಗಿಲ್ಲ. ನೀರಿದ್ದ ಹೊಲಕ್ಕೆ ಹಾಕಿದ ಯೂರಿಯಾ ಪೈರನ್ನು ಹಸಿರಾಗಿಸುತ್ತದೆ, ನೀರಿಲ್ಲದ ಹೊಲಕ್ಕೆ ಹಾಕಿದ ಅದೇ ಯೂರಿಯಾ ಪೈರನ್ನು ಸುಡುತ್ತದೆ. ಯೂರಿಯಾದಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ನೀರಿನ ಸುದ್ದಿ ಎತ್ತದೆ ಉತ್ತರ ಹೇಳಲು ಬರುವುದಿಲ್ಲ.

ಲೆಕ್ಕ ಕಷ್ಟವಿಲ್ಲ, ಒಂದು ಚೀಟಿಯ ಮೇಲೆ ಮಾಡಬಹುದು. ಕಾದರೆ ಸಿಗುವ ತಿನಿಸು ಕಾಣುತ್ತಿದ್ದ ಎರಡು ಮನೆಗಳ ಸರಾಸರಿ 4.87 ಮತ್ತು 1.03, ಇವೆರಡರ ನಡುಬೆಲೆ 2.95 ನಿಮಿಷ. ಅದು ಕಾಣದಿದ್ದ ಮನೆಗಳು 11.29 ಮತ್ತು 5.72; ನಡುಬೆಲೆ ಸುಮಾರು 8.5. ಅಂದರೆ ಆ ತಿನಿಸು ಕಣ್ಣಿಗೆ ಬಿದ್ದದ್ದರಿಂದ ಸುಮಾರು ಐದೂವರೆ ನಿಮಿಷದ ತಾಳ್ಮೆ ಕರಗಿತು. ಇನ್ನೊಂದು ಅಂಶಕ್ಕೂ ಹೀಗೆಯೇ ಮಾಡಿದರೆ, ಈಗ ಸಿಗುವ ತಿನಿಸು ಕಾಣುವಾಗ ಸುಮಾರು 3.4, ಕಾಣದಿರುವಾಗ ಸುಮಾರು 8.1, ವ್ಯತ್ಯಾಸ 4.7 ನಿಮಿಷ. ಈ ವಿನ್ಯಾಸದ ಸೊಗಸು ಇರುವುದು ಇಲ್ಲಿಯೇ. ಇದ್ದ 32 ಮಕ್ಕಳೇ ಮೊದಲ ಪ್ರಶ್ನೆಗೂ 16ಕ್ಕೆ 16 ಎಂದು ಪಾಲಾಗಿ ಉತ್ತರ ಕೊಟ್ಟರು, ಎರಡನೆಯ ಪ್ರಶ್ನೆಗೂ ಬೇರೆ ರೀತಿಯಲ್ಲಿ 16ಕ್ಕೆ 16 ಎಂದು ಪಾಲಾಗಿ ಉತ್ತರ ಕೊಟ್ಟರು. ಎರಡು ಪ್ರತ್ಯೇಕ ಪ್ರಯೋಗ ಮಾಡಿದ್ದರೆ ಇಷ್ಟೇ ನಿಖರತೆಗೆ ಎರಡರಷ್ಟು ಮಕ್ಕಳು ಬೇಕಾಗುತ್ತಿದ್ದರು.

ಮೂರನೆಯ ಪ್ರಶ್ನೆಗೆ ಬರೋಣ. ನನಗೆ ಅತ್ಯಂತ ಪ್ರಿಯವಾದದ್ದು ಇದು. ಈಗ ಸಿಗುವುದು ಮರೆಯಾಗಿದ್ದಾಗ, ಕಾದರೆ ಸಿಗುವುದನ್ನು ಕಣ್ಣೆದುರು ಇಟ್ಟದ್ದರಿಂದ ಸಮಯ 11.29ರಿಂದ 4.87ಕ್ಕೆ ಇಳಿಯಿತು, ಇಳಿಕೆ 6.42 ನಿಮಿಷ. ಈಗ ಸಿಗುವುದು ಕಾಣುತ್ತಿದ್ದಾಗ ಅದೇ ಬದಲಾವಣೆಯಿಂದ 5.72ರಿಂದ 1.03ಕ್ಕೆ ಇಳಿಯಿತು, ಇಳಿಕೆ 4.69. ಎರಡು ಇಳಿಕೆಗಳ ನಡುವಿನ ಅಂತರ 1.73 ನಿಮಿಷ ಮಾತ್ರ. ಒಂದೊಂದು ಮನೆಯಲ್ಲಿ ಎಂಟೇ ಮಕ್ಕಳಿರುವಾಗ, ಮಕ್ಕಳ ನಡುವಿನ ಸಹಜ ಏರುಪೇರಿನೆದುರು ಇಷ್ಟು ಸಣ್ಣ ಅಂತರದ ಮೇಲೆ ಏನನ್ನೂ ಕಟ್ಟಲಾಗದು. ಆದ್ದರಿಂದ ನಿಮಿಷಗಳ ಲೆಕ್ಕದಲ್ಲಿ, ಎರಡು ಅಂಶಗಳೂ ತಮ್ಮ ತಮ್ಮ ಪಾಲಿನ ತಾಳ್ಮೆಯನ್ನು ಪ್ರತ್ಯೇಕವಾಗಿ ಕಳೆದವು ಎಂದು ಓದುವುದು ಸರಿ.

ಆದರೆ ಅದೇ ಅಂಕಿಗಳನ್ನು ಪ್ರಮಾಣದ ಲೆಕ್ಕದಲ್ಲಿ ಓದಿ. 4.87 ಎಂದರೆ 11.29ರ ಶೇ 43. 1.03 ಎಂದರೆ 5.72ರ ಶೇ 18. ಹೀಗೆ ಓದಿದರೆ, ಈಗ ಸಿಗುವ ತಿನಿಸೂ ಎದುರಿಗಿದ್ದಾಗಲೇ ಇನ್ನೊಂದರ ಪೆಟ್ಟು ಹೆಚ್ಚು ಜೋರಾಗಿದೆ! ನಿಮಿಷದ ಲೆಕ್ಕದಲ್ಲಿ ಒಂದು ದಿಕ್ಕಿಗೆ ತುಸು ವಾಲಿದ್ದ ಪರಸ್ಪರ ಪರಿಣಾಮ, ಪ್ರಮಾಣದ ಲೆಕ್ಕದಲ್ಲಿ ಎದುರು ದಿಕ್ಕಿಗೆ ತಿರುಗಿಬಿಡುತ್ತದೆ. ಕರಿಹಲಗೆಯ ಮೇಲೆ ಈ ಎರಡನ್ನೂ ಅಕ್ಕಪಕ್ಕ ಬರೆದಾಗ ತರಗತಿ ಕ್ಷಣಕಾಲ ಸ್ತಬ್ಧವಾಗುತ್ತಿತ್ತು. ಒಬ್ಬ ಹುಡುಗಿ ಎದ್ದು ನಿಂತು, ‘ಹಾಗಾದರೆ ಯಾವುದು ನಿಜ ಮೇಡಂ?’ ಎಂದು ಕೇಳಿದ್ದು ಈಗಲೂ ನೆನಪಿದೆ. ಎರಡೂ ಲೆಕ್ಕ ನಿಜ, ಆದರೆ ಅಳತೆಗೋಲು ಬದಲಿಸಿದರೆ ಮಾಯವಾಗುವ ಅಥವಾ ಮಗುಚಿಕೊಳ್ಳುವ ಪರಸ್ಪರ ಪರಿಣಾಮದ ಮೇಲೆ ಸಿದ್ಧಾಂತ ಕಟ್ಟಬಾರದು ಎಂದು ಉತ್ತರ ಕೊಟ್ಟೆ. ಮುಖ್ಯ ಪರಿಣಾಮಗಳಾದರೋ ಯಾವ ಅಳತೆಗೋಲಿನಲ್ಲಿಯೂ ದಿಕ್ಕು ಬದಲಿಸುವುದಿಲ್ಲ. ಯಾವ ಸಾಲಿನಲ್ಲಿ ನೋಡಿದರೂ ತಿನಿಸು ಕಂಡಾಗ ಸಮಯ ಕಡಿಮೆಯೇ.

ಇದಕ್ಕೆ ಇನ್ನೊಂದು ತೊಡಕನ್ನೂ ಸೇರಿಸಬೇಕು. ಅಳತೆಗೆ ಮೇಲೊಂದು ಛಾವಣಿ, ಕೆಳಗೊಂದು ನೆಲ ಇದೆ. 15 ನಿಮಿಷಕ್ಕೆ ಪ್ರಯೋಗವೇ ಮುಗಿಯುವುದರಿಂದ, ಅಲ್ಲಿಯವರೆಗೂ ಕಾದ ಮಗು ಇನ್ನೆಷ್ಟು ಹೊತ್ತು ಕಾಯುತ್ತಿತ್ತೆಂಬುದು ದಾಖಲಾಗುವುದಿಲ್ಲ. ಎರಡೂ ಮರೆಯಾಗಿದ್ದ ಮನೆಯ ನಿಜವಾದ ತಾಳ್ಮೆ 11.29ಕ್ಕಿಂತ ಹೆಚ್ಚೇ ಇರಬಹುದು. ಎರಡೂ ಕಾಣುತ್ತಿದ್ದ ಮನೆಯಲ್ಲಿ ಸಮಯ ಸೊನ್ನೆಯ ಹತ್ತಿರ ಬಂದು ನಿಂತಿದೆ, ಅದಕ್ಕಿಂತ ಕೆಳಗಿಳಿಯಲು ಜಾಗವೇ ಇಲ್ಲ. ಇಂಥ ಅಂಕಿಗಳಲ್ಲಿ ಸೂಕ್ಷ್ಮವಾದ ಹೆಣಿಗೆಯನ್ನು ಹುಡುಕುವಾಗ ಕೈ ಹಿಡಿತದಲ್ಲಿರಬೇಕು. ಇದರ ಜೊತೆಗೆ ನಮ್ಮ ಅನೇಕ ಪ್ರಬಂಧಗಳಲ್ಲಿ ಕಾಣುವ ತಪ್ಪೊಂದನ್ನು ಹೇಳಿಯೇ ಬಿಡುತ್ತೇನೆ. ಒಂದು ಸಾಲಿನಲ್ಲಿ ವ್ಯತ್ಯಾಸ ‘ಗಮನಾರ್ಹ’ (ಬರೀ ಆಕಸ್ಮಿಕವೆಂದು ತಳ್ಳಿಹಾಕಲಾಗದ್ದು), ಇನ್ನೊಂದು ಸಾಲಿನಲ್ಲಿ ‘ಗಮನಾರ್ಹವಲ್ಲ’ ಎಂದು ಬಂದೊಡನೆ ಪರಸ್ಪರ ಪರಿಣಾಮ ಸಿದ್ಧವಾಯಿತೆಂದು ಬರೆದುಬಿಡುತ್ತಾರೆ. ಅದು ಸಿದ್ಧವಾಗಬೇಕಾದರೆ ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸವನ್ನೇ ನೇರವಾಗಿ ಪರೀಕ್ಷಿಸಬೇಕು.

ಪ್ರಯೋಗ ಅಳೆದದ್ದೇನು, ಅಳೆಯದೆ ಉಳಿದದ್ದೇನು ಎಂಬುದನ್ನೂ ಬೇರ್ಪಡಿಸಬೇಕು. ಸಂಶೋಧಕರು ಬದಲಿಸಿದ್ದು ತಿನಿಸು ಕಣ್ಣೆದುರಿರುವುದನ್ನೇ ಹೊರತು ಮಗುವಿನ ಗಮನವನ್ನಲ್ಲ. ತಿನಿಸು ಎದುರಿಗಿದ್ದರೂ ಮಗು ಬೇರೆ ಕಡೆ ನೋಡಬಹುದು. ಮರೆಯಾಗಿದ್ದರೂ ಮನಸ್ಸಿನಲ್ಲಿ ಅದನ್ನೇ ಮೆಲುಕು ಹಾಕಬಹುದು. ಆ ಕೋಣೆಗಳಲ್ಲಿ ಮಕ್ಕಳು ನಡೆದುಕೊಂಡ ಬಗೆಯೇ ಸಂಶೋಧಕರಿಗೆ ಮುಂದಿನ ದಾರಿ ತೋರಿಸಿತು. ಕೆಲವರು ಅಂಗೈಯಿಂದ ಕಣ್ಣು ಮುಚ್ಚಿಕೊಂಡರು, ಕೆಲವರು ತೋಳಿನ ಮೇಲೆ ತಲೆಯಿಟ್ಟು ಮಲಗಿದರು, ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡರು, ಹಾಡು ಹೇಳಿಕೊಂಡರು, ಕೈಕಾಲುಗಳಿಂದ ಏನೇನೋ ಆಟ ಕಟ್ಟಿಕೊಂಡರು. ಕಾಯುವುದರಲ್ಲಿ ಗೆದ್ದ ಮಕ್ಕಳು ಬಯಕೆಯೊಡನೆ ಹಲ್ಲುಕಚ್ಚಿ ಹೋರಾಡುತ್ತಿರಲಿಲ್ಲ. ಬಯಕೆಯಿಂದ ಮುಖ ತಿರುಗಿಸುವ ಉಪಾಯವನ್ನು ತಾವೇ ಕಂಡುಕೊಂಡಿದ್ದರು.

1972ರಲ್ಲಿ ಮಿಶೆಲ್ ಮತ್ತು ಎಬ್ಬೆಸೆನ್, ಆಂಟೊನೆಟ್ ಜೈಸ್ ಅವರೊಡನೆ ಸೇರಿ ಈ ಊಹೆಯನ್ನು ಪರೀಕ್ಷೆಗಿಟ್ಟರು. ತಿನಿಸು ಎದುರಿಗೇ ಇದ್ದರೂ, ಆಡಲು ಒಂದು ಆಟಿಕೆ ಇದ್ದರೆ ಅಥವಾ ಖುಷಿ ಕೊಡುವ ಬೇರೆ ಸಂಗತಿಯನ್ನು ನೆನೆಯುತ್ತಿರು ಎಂದು ಮೊದಲೇ ಹೇಳಿದ್ದರೆ ಮಕ್ಕಳು ಬಹಳ ಹೊತ್ತು ಕಾದರು. ತಿನಿಸು ಮರೆಯಾಗಿದ್ದರೂ ಅದನ್ನೇ ನೆನೆಯುತ್ತಿರು ಎಂದು ಹೇಳಿದಾಗ ತಾಳ್ಮೆ ಬೇಗನೆ ಮುಗಿಯಿತು. ಅಲ್ಲಿಗೆ, ತಿನಿಸನ್ನು ಮರೆಮಾಡುವ ಮುಚ್ಚಳದಷ್ಟೇ ಮಗುವಿನ ತಲೆಯೊಳಗಿನ ಯೋಚನೆಯೂ ಕೆಲಸ ಮಾಡುತ್ತದೆ ಎಂಬುದು ಗೊತ್ತಾಯಿತು. ಮರುವರ್ಷ ಮಿಶೆಲ್ ಮತ್ತು ಬರ್ಟ್ ಮೂರ್ ಇನ್ನೂ ಕುತೂಹಲದ ಸಂಗತಿಯನ್ನು ಕಂಡರು. ನಿಜವಾದ ತಿನಿಸಿನ ಬದಲು ಅದರ ಚಿತ್ರವನ್ನು ಪರದೆಯ ಮೇಲೆ ತೋರಿಸಿದರೆ ಮಕ್ಕಳು ಹೆಚ್ಚು ಹೊತ್ತು ಕಾಯುತ್ತಿದ್ದರು. 1975ರಲ್ಲಿ ಮಿಶೆಲ್ ಮತ್ತು ನ್ಯಾನ್ಸಿ ಬೇಕರ್, ಮಾರ್ಷ್‌ಮ್ಯಾಲೋವನ್ನು ಬಿಳಿ ಮೋಡವೆಂದೂ ಪ್ರೆಟ್ಜೆಲನ್ನು ಪುಟ್ಟ ಮರದ ದಿಮ್ಮಿಯೆಂದೂ ಭಾವಿಸಲು ಹೇಳಿ, ಅದರಿಂದ ಕಾಯುವುದು ಸುಲಭವಾಗುವುದನ್ನು ತೋರಿಸಿದರು. 1970ರಲ್ಲಿ ಸುಳ್ಳಾದ ಊಹೆ ಹೀಗೆ ಬೇರೆ ರೂಪದಲ್ಲಿ ಪೂರ್ತಿ ಸುಳ್ಳಲ್ಲವೆಂದಾಯಿತು. ಸೈಕಲ್ಲಿನ ಚಿತ್ರ ಅಂಟಿಸಿದ ತಾಯಂದಿರು ಅದನ್ನು ಕಿತ್ತುಹಾಕಬೇಕಾಗಿಲ್ಲ. ಸೈಕಲ್ಲನ್ನೇ ತಂದು ಪಡಸಾಲೆಯಲ್ಲಿ ನಿಲ್ಲಿಸಿ ಮುಟ್ಟಬೇಡ ಎನ್ನುವುದು ಮಾತ್ರ ಬೇರೆ ಮಾತು. ಮೂವತ್ತೆರಡೇ ಮಕ್ಕಳ ಪ್ರಯೋಗವನ್ನು ನಾನು ಇಷ್ಟು ನಂಬುವುದಕ್ಕೆ, ಬೇರೆ ಬೇರೆ ಕಡೆಯಿಂದ ಬಂದು ಅದೇ ಅರ್ಥವನ್ನು ಬಲಪಡಿಸಿದ ಈ ಮುಂದಿನ ಪ್ರಯೋಗಗಳೇ ಕಾರಣ.

ಹಾಗಿದ್ದರೆ ಮಗುವಿನ ಭವಿಷ್ಯ ಹೇಳುವ ಕಥೆ ಎಲ್ಲಿಂದ ಬಂತು? 1968ರಿಂದ 1974ರವರೆಗೆ ಆ ಶಿಶುವಿಹಾರದ ಆರುನೂರಕ್ಕೂ ಹೆಚ್ಚು ಮಕ್ಕಳು ಇಂಥ ಪ್ರಯೋಗಗಳಲ್ಲಿ ಭಾಗವಹಿಸಿದ್ದರು. ಅವರಲ್ಲಿ ಸಂಪರ್ಕಕ್ಕೆ ಸಿಕ್ಕವರನ್ನು ಹದಿಹರೆಯದಲ್ಲಿ ಮತ್ತೆ ವಿಚಾರಿಸಿ, 1990ರಲ್ಲಿ ಯುಯಿಚಿ ಶೋಡಾ, ಮಿಶೆಲ್ ಮತ್ತು ಫಿಲಿಪ್ ಪೀಕ್ ಒಂದು ವರದಿ ಪ್ರಕಟಿಸಿದರು. ಕಾದ ಸಮಯಕ್ಕೂ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯ ಅಂಕಗಳಿಗೂ ಗಣನೀಯ ಸಂಬಂಧ ಕಂಡುಬಂದಿತ್ತು, ನಿಜ. ಆದರೆ ಆ ಸಂಬಂಧ ಕಂಡದ್ದು, ತಿನಿಸು ಎದುರಿಗಿದ್ದು ಯಾವ ಉಪಾಯವನ್ನೂ ಹೇಳಿಕೊಡದೆ ಮಗುವನ್ನು ಅದರ ಪಾಡಿಗೆ ಬಿಟ್ಟಿದ್ದ ಒಂದು ಸನ್ನಿವೇಶದಲ್ಲಿ. ಪರೀಕ್ಷೆಯ ಅಂಕ ಲಭ್ಯವಿದ್ದ ಅಂಥ ಮಕ್ಕಳು ಕೇವಲ 35. ಬೇರೆ ಸನ್ನಿವೇಶಗಳಲ್ಲಿ ಕಾದ ಸಮಯದಿಂದ ಮುಂದಿನದನ್ನು ಹೀಗೆ ಊಹಿಸಲು ಆಗಲಿಲ್ಲ. ನೋಡಿ, ಇದೂ ಒಂದು ಪರಸ್ಪರ ಪರಿಣಾಮವೇ. ಮಗುವಿನ ಕಾಯುವಿಕೆಗೆ ಏನಾದರೂ ಅರ್ಥವಿದ್ದರೆ ಆ ಅರ್ಥ ಸನ್ನಿವೇಶದ ಮೇಲೆ ನಿಂತಿದೆ. ಈ ಭಾಗವನ್ನು ಉದುರಿಸಿ, ಕಾದವರು ಗೆದ್ದರು ಎಂಬುದನ್ನು ಮಾತ್ರ ಉಳಿಸಿಕೊಂಡರೆ ಪ್ರಯೋಗದ ತಿರುಳೇ ಹೊರಟುಹೋಗುತ್ತದೆ.

ಅದೂ ಅಲ್ಲದೆ, ಆ ಮಕ್ಕಳಲ್ಲಿ ಬಹುಪಾಲು ವಿಶ್ವವಿದ್ಯಾಲಯದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮಕ್ಕಳು. ಟೈಲರ್ ವಾಟ್ಸ್, ಗ್ರೆಗ್ ಡಂಕನ್ ಮತ್ತು ಹಾವೊನಾನ್ ಕ್ವಾನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿತು. ಅವರಲ್ಲಿ 552 ಮಕ್ಕಳ ತಾಯಂದಿರು ಕಾಲೇಜು ಪದವಿ ಪಡೆದವರಲ್ಲ. ಇಲ್ಲಿ ಕಾಯಬೇಕಾದ ಗರಿಷ್ಠ ಅವಧಿ ಏಳು ನಿಮಿಷ. ಕಾದ ಸಮಯಕ್ಕೂ ಹದಿನೈದನೆಯ ವಯಸ್ಸಿನ ಓದಿನ ಸಾಧನೆಗೂ ಇದ್ದ ಸಂಬಂಧ ಹಳೆಯ ವರದಿಯದರ ಅರ್ಧದಷ್ಟು ಮಾತ್ರ ಇತ್ತು. ಕುಟುಂಬದ ಹಿನ್ನೆಲೆ, ಮನೆಯ ವಾತಾವರಣ, ಎಳವೆಯ ಬುದ್ಧಿಶಕ್ತಿ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅರ್ಧವೂ ಮೂರರಲ್ಲಿ ಎರಡು ಪಾಲು ಕರಗಿತು. ಉಳಿದದ್ದನ್ನು ಹಿಡಿದು ಒಂದು ಮಗುವಿನ ಹಣೆಬರಹ ಓದಲು ಸಾಧ್ಯವೇ ಇಲ್ಲ.

ಸನ್ನಿವೇಶದ ಇನ್ನೊಂದು ಮುಖವನ್ನು ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಮಾರ್ಷ್‌ಮ್ಯಾಲೋ ಇಡುವ ಮೊದಲು 28 ಮಕ್ಕಳಿಗೆ, ಕಾದರೆ ಇನ್ನೂ ಒಳ್ಳೆಯ ಬಣ್ಣದ ಕಡ್ಡಿ ಮತ್ತು ಸ್ಟಿಕ್ಕರ್ ತಂದುಕೊಡುತ್ತೇವೆಂದು ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ಮಾತು ಉಳಿಸಿಕೊಂಡರು. ಉಳಿದರ್ಧಕ್ಕೆ, ಕ್ಷಮಿಸು, ನಮ್ಮಲ್ಲಿ ಇಲ್ಲವಂತೆ ಎಂದು ಬರಿಗೈಯಲ್ಲಿ ಮರಳಿದರು. ಆಮೇಲಿನ ಪರೀಕ್ಷೆಯಲ್ಲಿ ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ 2 ಸೆಕೆಂಡು ಕಾದರು, ಮಾತಿಗೆ ತಪ್ಪಿದವರನ್ನು ಕಂಡ ಮಕ್ಕಳು 3 ನಿಮಿಷ 2 ಸೆಕೆಂಡು. ಕೊಟ್ಟ ಮಾತಿಗೆ ತಪ್ಪುವ ದೊಡ್ಡವರ ಎದುರು ಕೈಗೆ ಸಿಕ್ಕದ್ದನ್ನು ತಿಂದ ಮಗುವಿಗೆ ಸಂಯಮವಿಲ್ಲ ಎನ್ನುವುದು ಯಾವ ನ್ಯಾಯ? ಅದು ತನ್ನ ಅನುಭವದಿಂದ ಸರಿಯಾಗಿಯೇ ಲೆಕ್ಕ ಹಾಕಿದೆ.

ಈ ವಿಷಯದಲ್ಲಿ ನನಗೆ ಅತ್ಯಂತ ನೋವು ತರುವುದು ವಾಲ್ಟರ್ ಮಿಶೆಲ್ ಅವರ ಹೆಸರಿಗೆ ಆಗಿರುವ ಅನ್ಯಾಯ. 1930ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದ ಮೇಲೆ ಮನೆಯವರೊಡನೆ ಅಮೆರಿಕಕ್ಕೆ ಹೋದ ಅವರು, ಒಂದು ಸಂದರ್ಭದಲ್ಲಿ ಕಂಡ ನಡತೆಯಿಂದ ಮನುಷ್ಯನ ಸ್ಥಿರ ಸ್ವಭಾವವನ್ನು ತೀರ್ಮಾನಿಸಬಾರದೆಂದು 1968ರಲ್ಲಿಯೇ ಗಟ್ಟಿಯಾಗಿ ವಾದಿಸಿದವರು. ನಡತೆ ಸನ್ನಿವೇಶದೊಡನೆ ಬದಲಾಗುತ್ತದೆ ಎಂಬುದು ಅವರ ಜೀವಮಾನದ ಮಾತು. 2018ರಲ್ಲಿ ತೀರಿಕೊಳ್ಳುವ ತನಕವೂ ಅವರು, ಕಾಯುವ ಉಪಾಯಗಳನ್ನು ಕಲಿಸಬಹುದು ಎಂದೇ ಹೇಳುತ್ತಿದ್ದರು. ಅಂಥವರ ಪ್ರಯೋಗವನ್ನು ನಾಲ್ಕು ವರ್ಷದ ಮಕ್ಕಳ ಹಣೆಗೆ ಚೀಟಿ ಹಚ್ಚಲು ನಾವು ಬಳಸುತ್ತಿದ್ದೇವೆ.

ಓಣಿಯ ಆ ತಾಯಿಯನ್ನು ನಾನು ಮೊದಲು ಕೇಳಿದ್ದು, ಚಾಕೊಲೇಟನ್ನು ಎಲ್ಲಿ ಇಟ್ಟಿದ್ದೆ ಎಂದು. ಊಟದ ಮೇಜಿನ ಮೇಲೆ ಸ್ಟೀಲಿನ ತಟ್ಟೆಯಲ್ಲಿ ಒಂದನ್ನು ಕಾಗದ ಬಿಚ್ಚಿ ಇಟ್ಟು, ಕಾದರೆ ಸಿಗುವ ಇನ್ನೊಂದು ಮಗನಿಗೆ ಚೆನ್ನಾಗಿ ಕಾಣಲೆಂದು ಅದರ ಪಕ್ಕದಲ್ಲಿಯೇ ಇಟ್ಟಿದ್ದಳಂತೆ. ರಾತ್ರಿ ಒಂಬತ್ತು ಗಂಟೆ. ಹುಡುಗ ಇನ್ನೂ ಊಟ ಮಾಡಿರಲಿಲ್ಲ. ಕೋಣೆಯಲ್ಲಿ ಆಟಿಕೆ ಇರಲಿಲ್ಲ, ಟಿ.ವಿ. ಆರಿಸಿದ್ದಳು. ನಾನು ಹಳೆಯ ನೋಟ್‌ಬುಕ್ ತೆಗೆದು ನಾಲ್ಕು ಮನೆಗಳ ಚೌಕ ಬರೆದೆ, ಅವಳ ಮಗ ಕುಳಿತದ್ದು ಯಾವ ಮನೆಯಲ್ಲಿ ಎಂದು ತೋರಿಸಿದೆ, ಅದರೊಳಗೆ 1.03 ಎಂದು ಬರೆದೆ. ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕರ ಮಕ್ಕಳೂ ಆ ಮನೆಯಲ್ಲಿ ಸರಾಸರಿ ಒಂದು ನಿಮಿಷದ ಮೇಲೆ ತಡೆದಿರಲಿಲ್ಲ. ಅವಳು ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮಕ್ಕಳ ಸಂಯಮ, ಏಕಾಗ್ರತೆ ಕುರಿತ ಸಂಶೋಧನೆಯನ್ನು ತಮ್ಮ ಪತ್ರಿಕೆ ಪ್ರಕಟಿಸುವಾಗ ಎಷ್ಟು ಮಕ್ಕಳು, ಎಂಥ ಮನೆಯವರು, ಸಂಶೋಧಕರು ಕೈಯಾರೆ ಬದಲಿಸಿದ್ದು ಏನು, ಬರೀ ಗಮನಿಸಿದ್ದು ಏನು ಎಂಬ ವಿವರಗಳು ಎರಡು ಸಾಲಿನಲ್ಲಾದರೂ ಇರಲಿ. ಎರಡು ಅಂಶಗಳ ಪ್ರಯೋಗವಾದರೆ ನಾಲ್ಕೂ ಮನೆಗಳ ಸರಾಸರಿಯನ್ನು ಪುಟ್ಟ ಕೋಷ್ಟಕದಲ್ಲಿ ಕೊಡಿ. ಅದು ಒಂದು ಅಂಚೆಚೀಟಿಯಷ್ಟು ಜಾಗದಲ್ಲಿ ಹಿಡಿಯುತ್ತದೆ. ಶಾಲೆಗಳ ಆಡಳಿತ ಮಂಡಳಿಗಳು ಪಾಲಕರಿಗೆ ಇಂಥ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೇಳುವುದನ್ನು ದಯವಿಟ್ಟು ನಿಲ್ಲಿಸಲಿ. ಮಾಡಲೇಬೇಕೆನ್ನುವ ಪಾಲಕರು, ಮಗುವಿಗೆ ಮೊದಲು ಊಟ ಹಾಕಿ, ಚಾಕೊಲೇಟಿನ ಮೇಲೆ ಒಂದು ಪಾತ್ರೆ ಬೋರಲು ಹಾಕಿ, ಪಕ್ಕದಲ್ಲಿ ಒಂದು ಆಟಿಕೆಯನ್ನೂ ಇಟ್ಟು ನೋಡಲಿ, ಮತ್ತು ಎರಡನೆಯ ಚಾಕೊಲೇಟನ್ನು ಕೊಟ್ಟೇ ಕೊಡಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ
ಧಾರವಾಡ